ಹಾಸನದ ಜೆರಾಕ್ಸ್ ಅಂಗಡಿಯ ಮನೋವಿಜ್ಞಾನ ನೋಟ್ಸ್: ಕೊಳ್ಳಿ, ಜೊತೆಗೊಂದು ಕೆಂಪು ಪೆನ್ನೂ ಕೊಳ್ಳಿ

ಪರೀಕ್ಷೆಗೆ ಎರಡು ತಿಂಗಳು ಇರುವಾಗಲೇ ಹಾಸನದ ಕಾಲೇಜುಗಳ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಗಾಜಿನ ಹಿಂದೆ ಬಂದು ಕೂರುವ ಕಟ್ಟು ಇದು. ರಟ್ಟಿನ ಮೇಲೆ ‘ಮನೋವಿಜ್ಞಾನದ ಇತಿಹಾಸ ಮತ್ತು ಪಂಥಗಳು’ ಎಂದಿದೆ. ಬರೆದವರ ಹೆಸರಿಲ್ಲ, ಇಸವಿಯೂ ಇಲ್ಲ. ಎ4 ಅಳತೆ, ಎರಡೂ ಬದಿ ಮುದ್ರಣ, 148 ಪುಟ. ಬಿಡಿ ಹಾಳೆಯಾದರೆ 130 ರೂಪಾಯಿ, ಸ್ಪೈರಲ್ ಹಾಕಿಸಿದರೆ 165. ಬಿ.ಎ. ಮನೋವಿಜ್ಞಾನದವರು, ಬಿ.ಇಡಿ.ಯವರು, ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಟಿಇಟಿಗೆ ಕೂರುವವರು ಮೂವರೂ ಇದನ್ನೇ ಕೊಳ್ಳುತ್ತಾರೆ. ಚಿಕ್ಕಮಗಳೂರು, ಬೇಲೂರು, ಸಕಲೇಶಪುರದ ಕಡೆಗೂ ಇದೇ ಕಟ್ಟಿನ ಪ್ರತಿಯ ಪ್ರತಿ ಹೋಗುತ್ತದೆ.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಟಿಇಟಿಗೆ ಮಾತ್ರ ಓದುವವರಿಗೆ ಇದು ಹೆಚ್ಚಾಯಿತು. 150 ಅಂಕದ ಪತ್ರಿಕೆಯಲ್ಲಿ ಶಿಶು ವಿಕಾಸ ಮತ್ತು ಬೋಧನಾಶಾಸ್ತ್ರಕ್ಕೆ ಇರುವುದು 30 ಅಂಕ. ಅದಕ್ಕೆ ಕಲಿಕೆಯ ಅಧ್ಯಾಯವೊಂದನ್ನು ತಿದ್ದಿಕೊಂಡು ಓದಿದರೆ ನಡೆಯುತ್ತದೆ. ಬಿ.ಎ.ಯವರಿಗೆ ಇದು ಸಾಲದು, ಆದರೂ ಶುರು ಮಾಡಲು ಕೆಟ್ಟದ್ದಲ್ಲ. ಭಾಷೆ ಸರಳವಾಗಿದೆ. ಬರೆದವರು ಯಾರೇ ಇರಲಿ, ತರಗತಿಯಲ್ಲಿ ಪಾಠ ಮಾಡಿ ಬಲ್ಲವರು ಎಂಬುದು ವಾಕ್ಯದ ಓಟದಲ್ಲೇ ಗೊತ್ತಾಗುತ್ತದೆ. ತೊಂದರೆ ಇರುವುದು 6 ಮತ್ತು 7ನೇ ಪುಟದಲ್ಲಿ.

ಅಲ್ಲಿ ‘ಪಂಥಗಳ ಪಕ್ಷಿನೋಟ’ ಎಂಬ ಕೋಷ್ಟಕವಿದೆ. ಅಡ್ಡಕ್ಕೆ ಆರು ಸಾಲು, ಉದ್ದಕ್ಕೆ ಐದು ಕಂಬ: ಪಂಥ, ಪಿತಾಮಹ, ವರ್ಷ, ವಿಧಾನ, ಕೊಡುಗೆ. ಕೊಂಡವರಲ್ಲಿ ಮುಕ್ಕಾಲು ಜನ ಬಾಯಿಪಾಠ ಮಾಡುವುದು ಈ ಎರಡು ಪುಟಗಳನ್ನೇ. ಇಡೀ ಕಟ್ಟಿನ ತಪ್ಪುಗಳಲ್ಲಿ ಹೆಚ್ಚಿನವು ಹುಟ್ಟಿದ್ದೂ ಇಲ್ಲಿಯೇ. ಕೋಷ್ಟಕಕ್ಕೆ ಪ್ರತಿ ಪಂಥಕ್ಕೂ ಒಬ್ಬನೇ ಪಿತಾಮಹ ಬೇಕು, ಒಂದೇ ಇಸವಿ ಬೇಕು. ಇತಿಹಾಸ ಹಾಗೆ ಕೊಡದಿದ್ದಾಗ ಬರೆದವರು ಕೈಗೆ ಸಿಕ್ಕ ಹೆಸರನ್ನು ಖಾಲಿ ಮನೆಗೆ ತುಂಬಿದ್ದಾರೆ, ಒಳಗಿನ ಅಧ್ಯಾಯಗಳನ್ನು ಆ ಹೆಸರಿಗೆ ಹೊಂದಿಸಿದ್ದಾರೆ.

ಮೊದಲ ಸಾಲೇ ನೋಡಿ: ರಚನಾವಾದ, ವೂಂಟ್, 1879, ಅಂತರಾವಲೋಕನ. ರಚನಾವಾದ ಎಂದರೆ ಮನಸ್ಸನ್ನು ಬಿಡಿ ಭಾಗಗಳಾಗಿ ಒಡೆದು ನೋಡುವ ಪಂಥ, ಅಂತರಾವಲೋಕನ ಎಂದರೆ ತನ್ನ ಅನುಭವವನ್ನು ತಾನೇ ಗಮನಿಸಿ ಹೇಳುವುದು. 1879 ಎಂಬುದು ವಿಲ್ಹೆಲ್ಮ್ ವೂಂಟ್ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಪ್ರಯೋಗಾಲಯ ತೆರೆದ ವರ್ಷ. ಅದು ಪಂಥದ ವರ್ಷವಲ್ಲ. ರಚನಾವಾದ ಎಂಬ ಹೆಸರು ಬಂದದ್ದು 1898ರಲ್ಲಿ. ಕೊಟ್ಟವರು ವೂಂಟ್ ಬಳಿ ಡಾಕ್ಟರೇಟ್ ಮುಗಿಸಿ 1892ರಲ್ಲಿ ಅಮೆರಿಕದ ಕಾರ್ನೆಲ್‌ಗೆ ಹೋದ ಇಂಗ್ಲಿಷ್ ಮನುಷ್ಯ ಟಿಚನರ್. ವೂಂಟ್ ತಮ್ಮ ಚಿಂತನೆಯನ್ನು ಸಂಕಲ್ಪವಾದ ಎಂಬ ಅರ್ಥ ಬರುವ ಹೆಸರಿನಿಂದ ಕರೆದರು. ಮನಸ್ಸು ಬಿಡಿ ಅನುಭವಗಳನ್ನು ತಾನೇ ಆಯ್ದು ಜೋಡಿಸುತ್ತದೆ ಎಂಬುದು ಅವರ ಒತ್ತು. ಟಿಚನರ್ ಆ ಜೋಡಿಸುವ ಭಾಗವನ್ನು ಬಿಟ್ಟು, ಬಿಡಿ ಭಾಗಗಳನ್ನು ಮಾತ್ರ ಎತ್ತಿಕೊಂಡರು: ಸಂವೇದನೆ, ಪ್ರತಿಮೆ (ಮನಸ್ಸಿನಲ್ಲಿ ಮೂಡುವ ಚಿತ್ರ), ಭಾವ. ಇಷ್ಟೇ ಅಲ್ಲ, ಭಾಷೆ, ಸಂಪ್ರದಾಯ, ಪುರಾಣಗಳನ್ನು ಪ್ರಯೋಗಾಲಯದಲ್ಲಿ ಹಿಡಿಯಲಾಗದು ಎಂದು ವೂಂಟ್ 1900ರಿಂದ 1920ರವರೆಗೆ ಹತ್ತು ಸಂಪುಟ ಬರೆದರು. ನೋಟ್ಸ್‌ನಲ್ಲಿ ಅದರ ಸುಳಿವೇ ಇಲ್ಲ. ಕೋಷ್ಟಕದ ಮನೆಯಲ್ಲಿ ಹಿಡಿಸಲಿಲ್ಲ, ಅಷ್ಟೇ.

ವಿಧಾನದ ಕಂಬದಲ್ಲಿರುವ ‘ಅಂತರಾವಲೋಕನ’ವೂ ಇಬ್ಬರಿಗೆ ಒಂದೇ ಅಲ್ಲ. ವೂಂಟ್ ಅವರದು ಬಿಗಿಯಾದದ್ದು: ಚಿಕ್ಕ ಪ್ರಚೋದನೆ, ಮತ್ತೆ ಮತ್ತೆ ಅದೇ, ಉತ್ತರ ‘ಕಂಡಿತು, ಕಾಣಲಿಲ್ಲ, ಹೆಚ್ಚು, ಕಡಿಮೆ’ ಇಷ್ಟರಲ್ಲೇ, ಜೊತೆಗೆ ಪ್ರತಿಕ್ರಿಯೆಯ ಸಮಯದ ಅಳತೆ. ಟಿಚನರ್ ಅವರದು ತರಬೇತಾದ ವೀಕ್ಷಕರಿಂದ ದೀರ್ಘ ವರ್ಣನೆ. ಕಾಫಿ ಕೊಟ್ಟರೆ ‘ಕಾಫಿ’ ಎನ್ನಬಾರದು. ಬಿಸಿ, ಕಹಿ, ನಾಲಗೆಯ ಅಂಚಿಗೆ ಸ್ವಲ್ಪ ಹುಳಿ, ಕಂದು ಎಂದು ಹೇಳಬೇಕು. ವಸ್ತುವಿನ ಹೆಸರು ಹೇಳಿಬಿಟ್ಟರೆ ಅದನ್ನು ಅವರು ಪ್ರಚೋದನಾ ದೋಷ ಎಂದು ಎಣಿಸುತ್ತಿದ್ದರು. ಪಂಥ ಬಿದ್ದದ್ದು ಇಲ್ಲಿಯೇ. ಕಾರ್ನೆಲ್‌ನ ವೀಕ್ಷಕರಿಗೆ ಆಲೋಚನೆಯಲ್ಲಿ ಪ್ರತಿಮೆ ಕಂಡಿತು, ಜರ್ಮನಿಯ ವ್ಯುರ್ಟ್ಸ್‌ಬರ್ಗ್‌ನವರಿಗೆ ಕಾಣಲಿಲ್ಲ. ಯಾರು ಸರಿ ಎಂದು ಮೂರನೆಯವರು ಪರೀಕ್ಷಿಸುವ ದಾರಿ ಇರಲಿಲ್ಲ. 1927ರಲ್ಲಿ ಟಿಚನರ್ ತೀರಿಕೊಂಡ ಮೇಲೆ ಪಂಥಕ್ಕೆ ವಾರಸುದಾರರೂ ಉಳಿಯಲಿಲ್ಲ. ‘ರಚನಾವಾದದ ಮಿತಿಗಳು’ ಎಂಬ ಐದು ಅಂಕದ ಪ್ರಶ್ನೆಗೆ ಬರೆಯಬೇಕಾದದ್ದು ಇದನ್ನು. ನೋಟ್ಸ್‌ನಲ್ಲಿ ಇರುವುದು ‘ಇದು ವೈಜ್ಞಾನಿಕವಲ್ಲ’ ಎಂಬ ಒಂದೇ ಸಾಲು.

ವೂಂಟ್‌ಗಿಂತ ಹಿಂದಿನದು ಈ ಕಟ್ಟಿನಲ್ಲಿ ಪ್ಲೇಟೋ, ಅರಿಸ್ಟಾಟಲ್, ಡೆಕಾರ್ಟ್ ಎಂದು ಮೂರು ಪುಟದಲ್ಲಿ ಓಡಿ ಮುಗಿಯುತ್ತದೆ. ವೇಬರ್ ಮತ್ತು ಫೆಕ್ನರ್ ಇಲ್ಲವೇ ಇಲ್ಲ. ಇದು ದೊಡ್ಡ ಕೊರತೆ. ಮನಸ್ಸನ್ನು ಅಳೆಯಬಹುದು ಎಂದು ತೋರಿಸಿದವರು ಅವರು. ಕೈಯಲ್ಲಿ ಎತ್ತಿ ನೋಡುವ ತೂಕದಲ್ಲಿ ವ್ಯತ್ಯಾಸ ತಿಳಿಯಬೇಕಾದರೆ ಸುಮಾರು ನಲವತ್ತರಲ್ಲಿ ಒಂದು ಪಾಲು ಬದಲಾಗಬೇಕು ಎಂದು ವೇಬರ್ ಕಂಡರು. 400 ಗ್ರಾಂ ಕಾಫಿ ಬೀಜದ ಪೊಟ್ಟಣಕ್ಕೆ 10 ಗ್ರಾಂ ಸೇರಿದರೆ ಕೈಗೆ ಗೊತ್ತಾಗುತ್ತದೆ. 4 ಕಿಲೋ ಚೀಲಕ್ಕೆ ಅದೇ 10 ಗ್ರಾಂ ಸೇರಿದರೆ ಗೊತ್ತಾಗದು, 100 ಗ್ರಾಂ ಬೇಕು. ಇದರ ಮೇಲೆ ಫೆಕ್ನರ್ 1860ರಲ್ಲಿ ಮನೋಭೌತಶಾಸ್ತ್ರ ಕಟ್ಟಿದರು. 19 ವರ್ಷದ ನಂತರ ಲೈಪ್‌ಜಿಗ್‌ನಲ್ಲಿ ಪ್ರಯೋಗಾಲಯ ಆಕಾಶದಿಂದ ಇಳಿಯಲಿಲ್ಲ. ಒಂದು ಹಾಳೆ ಬರೆದು 11ನೇ ಪುಟದ ನಂತರ ಸೇರಿಸಿಕೊಳ್ಳಿ.

ನೆನಪು, ಮರೆವಿನ ಮೇಲೆ ಪ್ರಯೋಗ ಮಾಡಿದ ಎಬ್ಬಿಂಗ್‌ಹಾಸ್‌ಗೆ ಅರ್ಧ ಪುಟ, ಜೊತೆಗೆ ಮರೆವಿನ ರೇಖೆಯ ಚಿತ್ರ. ಪ್ರತಿಯ ಪ್ರತಿಯಾಗಿ ಚಿತ್ರ ಕಪ್ಪು ಚೌಕವಾಗಿ ಹೋಗಿದೆ. ಪಕ್ಕದ ಬರಹದಲ್ಲಿ ‘ಒಂದು ದಿನಕ್ಕೆ ಶೇ. 66 ಮರೆತುಹೋಗುತ್ತದೆ’ ಎಂದಿದೆ. ಅವರು ಅಳೆದದ್ದು ಮರೆವನ್ನಲ್ಲ, ಉಳಿತಾಯವನ್ನು. ಅರ್ಥವಿಲ್ಲದ ಉಚ್ಚಾರಾಂಶಗಳ ಪಟ್ಟಿ ಮೊದಲ ಸಲ ಕಲಿಯಲು 1000 ಸೆಕೆಂಡ್ ಹಿಡಿಯಿತು ಎನ್ನಿ. ಮರುದಿನ ಅದನ್ನೇ ಮತ್ತೆ ಕಲಿಯಲು 660 ಸೆಕೆಂಡ್ ಸಾಕಾದರೆ ಉಳಿತಾಯ ಶೇ. 34. ಅವರ 1885ರ ಅಂಕಿಗಳು ಹೀಗಿವೆ: 20 ನಿಮಿಷದ ನಂತರ ಸುಮಾರು ಶೇ. 58, ಒಂದು ಗಂಟೆಗೆ 44, ಒಂದು ದಿನಕ್ಕೆ 34, 31 ದಿನಕ್ಕೆ 21. ಮೊದಲ ಗಂಟೆಯಲ್ಲೇ ದೊಡ್ಡ ಇಳಿತ, ಆಮೇಲೆ ರೇಖೆ ಮಲಗುತ್ತದೆ. ಈ ನಾಲ್ಕು ಅಂಕಿ ಹಿಡಿದು ಗ್ರಾಫ್ ಹಾಳೆಯಲ್ಲಿ ನೀವೇ ಎಳೆದುಕೊಂಡರೆ ಕಪ್ಪು ಚೌಕದ ಚಿಂತೆ ಇರುವುದಿಲ್ಲ. ಪ್ರಯೋಗಕ್ಕೆ ಒಳಗಾದವರು ಒಬ್ಬರೇ, ಸ್ವತಃ ಎಬ್ಬಿಂಗ್‌ಹಾಸ್, ಎಂಬುದನ್ನೂ ಚಿತ್ರದ ಕೆಳಗೆ ಬರೆಯಿರಿ.

ಕಾರ್ಯವಾದಕ್ಕೆ ನಾಲ್ಕು ಪುಟ. ‘ಪಿತಾಮಹ ವಿಲಿಯಂ ಜೇಮ್ಸ್, 1890’ ಎಂದಿದೆ. ಜೇಮ್ಸ್ ಹನ್ನೆರಡು ವರ್ಷ ಕೂತು ಎರಡು ಸಂಪುಟಗಳಲ್ಲಿ ಬರೆದ ಗ್ರಂಥದ ವರ್ಷ ಅದು, ಸರಿ. ಆದರೆ ಜೇಮ್ಸ್ ಪಂಥ ಕಟ್ಟಿದವರಲ್ಲ. ಪಂಥದ ರೂಪ ಬಂದದ್ದು ಷಿಕಾಗೋದಲ್ಲಿ, 1896ರ ಜಾನ್ ಡ್ಯೂಯಿ ಲೇಖನದಿಂದ, ಆಮೇಲೆ ಏಂಜೆಲ್ ಅವರಿಂದ. ಮನಸ್ಸು ಏನೇನು ಸೇರಿ ಆಗಿದೆ ಎಂದು ಕೇಳುವುದನ್ನು ಬಿಟ್ಟು, ಮನಸ್ಸು ಯಾವ ಕೆಲಸಕ್ಕೆ ಬರುತ್ತದೆ ಎಂದು ಇವರು ಕೇಳಿದರು. ‘ರಚನೆ’ ಮತ್ತು ‘ಕಾರ್ಯ’ ಎಂದು ಎರಡು ಬಣಗಳಿಗೂ 1898ರ ಅದೇ ಲೇಖನದಲ್ಲಿ ನಾಮಕರಣ ಮಾಡಿದ್ದು ಟಿಚನರ್. ಎದುರಾಳಿಯ ತೊಟ್ಟಿಲನ್ನೂ ಅವರೇ ತೂಗಿದಂತಾಯಿತು.

ಇನ್ನು ವರ್ತನಾವಾದ, ಹೊರಗೆ ಕಾಣುವ ವರ್ತನೆಯನ್ನಷ್ಟೇ ಅಧ್ಯಯನ ಮಾಡಬೇಕೆಂಬ ಪಂಥ. 38 ಪುಟ, ಇಡೀ ಕಟ್ಟಿನ ಜೀವ ಇಲ್ಲಿದೆ. ಮೂರೂ ಪರೀಕ್ಷೆಯವರು ಓದುವುದೂ ಇದನ್ನೇ, ಹಾಗಾಗಿ ತಪ್ಪಿನ ಬೆಲೆಯೂ ಇಲ್ಲಿ ಹೆಚ್ಚು.

‘ಶಾಸ್ತ್ರೀಯ ಅನುಬಂಧನಕ್ಕಾಗಿ ಪಾವ್ಲೋವ್‌ಗೆ 1904ರಲ್ಲಿ ನೊಬೆಲ್’ ಎಂದು 48ನೇ ಪುಟ ಹೇಳುತ್ತದೆ. ವರ್ಷ ಸರಿ, ಕಾರಣ ತಪ್ಪು. ಪ್ರಶಸ್ತಿ ಬಂದದ್ದು ಜೀರ್ಣಕ್ರಿಯೆಯ ಶರೀರಶಾಸ್ತ್ರಕ್ಕೆ. ಶಾಸ್ತ್ರೀಯ ಅನುಬಂಧನ, ಅಂದರೆ ಗಂಟೆಯಂಥ ಸಂಕೇತಕ್ಕೇ ನಾಯಿ ಜೊಲ್ಲು ಸುರಿಸಲು ಕಲಿಯುವುದರ ಸಂಶೋಧನೆ, ಆ ಕೆಲಸದ ನಡುವೆ ತಲೆಯೆತ್ತಿದ್ದು. ಗಂಟೆಯೊಂದೇ ಪ್ರಚೋದನೆ ಎಂಬಂತೆ ಚಿತ್ರ ಬರೆದಿದ್ದಾರೆ. ಅಲ್ಲಿ ಮೆಟ್ರೊನೋಮ್, ಬಜರ್, ಬೆಳಕು, ಚರ್ಮದ ಮೇಲಿನ ಸ್ಪರ್ಶ ಎಲ್ಲವನ್ನೂ ಬಳಸಿದ್ದರು. ಇದು ಸಣ್ಣದು, ಬಿಡಿ. ದೊಡ್ಡ ತಪ್ಪು ಅದೇ ಚಿತ್ರದ ಬಾಣದಲ್ಲಿದೆ. ಮೊದಲು ಆಹಾರ, ಆಮೇಲೆ ಗಂಟೆ ಎಂದು ತೋರಿಸಿದ್ದಾರೆ. ಹಾಗೆ ಮಾಡಿದರೆ ಅನುಬಂಧನ ಆಗುವುದು ಬಹಳ ಕಷ್ಟ. ಶಬ್ದ ಮೊದಲು ಬರಬೇಕು, ಸ್ವಲ್ಪ ಹೊತ್ತಿನ ಒಳಗೆ ಆಹಾರ ಹಿಂಬಾಲಿಸಬೇಕು. ಶಬ್ದವು ಆಹಾರದ ಮುನ್ಸೂಚನೆ ಆಗುವುದರಿಂದಲೇ ನಾಯಿಯ ಬಾಯಲ್ಲಿ ನೀರು. ಊಟ ಬಡಿಸಿದ ಮೇಲೆ ಬಾರಿಸಿದ ಗಂಟೆ ಏನನ್ನು ತಾನೇ ಮುನ್ಸೂಚಿಸೀತು? ಬಾಣವನ್ನು ತಿರುಗಿಸಿ.

ಥಾರ್ನ್‌ಡೈಕ್‌ನ ಬೆಕ್ಕು, ಪೆಟ್ಟಿಗೆ, ಮೀನು ಚೆನ್ನಾಗಿ ಬಂದಿದೆ: ಪೆಟ್ಟಿಗೆಯೊಳಗಿನ ಬೆಕ್ಕು ಹಲವು ಸಲ ತಪ್ಪಿ ತಪ್ಪಿ ಚಿಲಕ ತೆಗೆದು ಹೊರಗಿನ ಮೀನು ತಲುಪಲು ಕಲಿಯುವ ಪ್ರಯೋಗ. 1898 ಎಂಬ ವರ್ಷವೂ ಸರಿ. ಸಿದ್ಧತಾ ನಿಯಮ, ಅಭ್ಯಾಸ ನಿಯಮ, ಪರಿಣಾಮ ನಿಯಮ ಮೂರಕ್ಕೂ ತರಗತಿಯ ಉದಾಹರಣೆ ಇದೆ. ಒಂದೇ ಸೇರಿಸಬೇಕಾದದ್ದು: 1930ರ ಹೊತ್ತಿಗೆ ಥಾರ್ನ್‌ಡೈಕ್ ತಮ್ಮ ನಿಯಮಗಳನ್ನು ತಾವೇ ತಿದ್ದಿಕೊಂಡರು. ಬರೀ ಪುನರಾವರ್ತನೆಯಿಂದ ಕಲಿಕೆ ಗಟ್ಟಿಯಾಗದು ಎಂದು ಅಭ್ಯಾಸ ನಿಯಮವನ್ನು ಕೈಬಿಟ್ಟರು. ಬಹುಮಾನಕ್ಕೆ ಇರುವ ಬಲ ಶಿಕ್ಷೆಗೆ ಇಲ್ಲ ಎಂದು ಪರಿಣಾಮ ನಿಯಮದ ಅರ್ಧವನ್ನು ಸಡಿಲಿಸಿದರು. ‘ಹತ್ತು ಸಲ ಬರಿ’ ಎಂಬ ಇಂಪೊಸಿಷನ್ನಿಗೆ ಥಾರ್ನ್‌ಡೈಕ್ ಹೆಸರು ಹೇಳುವ ಬಿ.ಇಡಿ. ಉತ್ತರಗಳು ಈ ಭಾಗ ಓದಿದರೆ ಬದಲಾದಾವು.

ವಾಟ್ಸನ್‌ಗೆ 1913 ಸರಿಯಾಗಿದೆ. ಪುಟ್ಟ ಆಲ್ಬರ್ಟ್‌ನ ಪ್ರಯೋಗ ಮಾತ್ರ ಕಲಸುಮೇಲೋಗರ. ನೋಟ್ಸ್ ಪ್ರಕಾರ ಮಗುವಿಗೆ ಮೊಲದ ಭಯ ಹುಟ್ಟಿಸಿ, ನಂತರ ಆ ಭಯವನ್ನು ವಾಟ್ಸನ್ ತೆಗೆದರು. ಎರಡೂ ಅಲ್ಲ. 1920ರಲ್ಲಿ ವಾಟ್ಸನ್ ಮತ್ತು ರೊಸಾಲಿ ರೇನರ್ ಪ್ರಕಟಿಸಿದ ಪ್ರಯೋಗದಲ್ಲಿ ಮಗುವಿಗೆ ಸುಮಾರು 11 ತಿಂಗಳು. ತೋರಿಸಿದ್ದು ಬಿಳಿ ಇಲಿ. ಜೊತೆಗೆ ತಲೆಯ ಹಿಂದೆ ಉಕ್ಕಿನ ಸರಳಿಗೆ ಸುತ್ತಿಗೆಯ ಏಟು. ಒಟ್ಟು ಏಳು ಸಲ ಜೋಡಿಸಿದರು. ಭಯ ಮೊಲಕ್ಕೂ ನಾಯಿಗೂ ತುಪ್ಪಳದ ಕೋಟಿಗೂ ಹರಡಿತು. ಭಯ ಬಿಡಿಸುವ ಮೊದಲೇ ಮಗು ಅಲ್ಲಿಂದ ಹೋಗಿಬಿಟ್ಟಿತು. ಮೊಲದ ಭಯ ಹೋಗಿಸಿದ್ದು 1924ರಲ್ಲಿ, ಮೇರಿ ಕವರ್ ಜೋನ್ಸ್, ಪೀಟರ್ ಎಂಬ ಬೇರೆ ಮಗುವಿನಲ್ಲಿ: ಮಗು ಇಷ್ಟದ ತಿಂಡಿ ತಿನ್ನುವಾಗ ಮೊಲವನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪ ಹತ್ತಿರ ತಂದರು. ಎರಡು ಪ್ರಯೋಗ ಒಂದಾಗಿ, ಜೋನ್ಸ್ ಹೆಸರು ಅಳಿಸಿಹೋಗಿದೆ. ಕೋಷ್ಟಕದಲ್ಲಿ ಆಕೆಗೆ ಮನೆ ಇರಲಿಲ್ಲವಲ್ಲ.

ಸ್ಕಿನ್ನರ್ ಭಾಗದಲ್ಲಿ 71ನೇ ಪುಟವನ್ನು ತಿದ್ದದೆ ಯಾರೂ ಪರೀಕ್ಷೆಗೆ ಹೋಗಬಾರದು. ‘ಋಣಾತ್ಮಕ ಪುನರ್ಬಲನ ಎಂದರೆ ಶಿಕ್ಷೆ’ ಎಂದು ದಪ್ಪ ಅಕ್ಷರದಲ್ಲಿದೆ. ಮಾದರಿ ಪ್ರಶ್ನೆಗಳ ಕೀಲಿಯಲ್ಲೂ ಅದೇ ಉತ್ತರ ಮೂರು ಕಡೆ. ಪುನರ್ಬಲನ ಯಾವುದೇ ಆಗಲಿ, ವರ್ತನೆಯನ್ನು ಹೆಚ್ಚಿಸುತ್ತದೆ. ಶಿಕ್ಷೆ ಕಡಿಮೆ ಮಾಡುತ್ತದೆ. ಧನ, ಋಣ ಎಂಬುದು ಒಳ್ಳೆಯದು, ಕೆಟ್ಟದ್ದು ಎಂದಲ್ಲ; ಏನನ್ನಾದರೂ ಕೊಡುವುದು ಮತ್ತು ತೆಗೆಯುವುದು. ಮಲೆನಾಡಿನ ಮಳೆಗಾಲದಲ್ಲಿ ಇದಕ್ಕೆ ಉದಾಹರಣೆ ಹುಡುಕಬೇಕಿಲ್ಲ. ತೋಟದಲ್ಲಿ ಇಂಬಳ (ಜಿಗಣೆ) ಹತ್ತಿತು, ಉಪ್ಪು ಹಾಕಿದಿರಿ, ಉದುರಿತು. ಮುಂದಿನ ಸಲ ತೋಟಕ್ಕೆ ಇಳಿಯುವಾಗ ಉಪ್ಪಿನ ಪೊಟ್ಟಣ ಜೇಬಿನಲ್ಲಿರುತ್ತದೆ. ಕಾಟ ತೊಲಗಿದ್ದರಿಂದ ಉಪ್ಪು ಹಾಕುವ ವರ್ತನೆ ಹೆಚ್ಚಿತು: ಇದು ಋಣಾತ್ಮಕ ಪುನರ್ಬಲನ. ಹುಡುಗ ಬೇಲಿಯ ತುರಿಕೆ ಸೊಪ್ಪನ್ನು ಮುಟ್ಟಿ ಕೈ ಉರಿಸಿಕೊಂಡು ಮತ್ತೆ ಆ ಗಿಡದ ಹತ್ತಿರ ಕೈ ಒಯ್ಯಲಿಲ್ಲ: ಇದು ಶಿಕ್ಷೆ. ಪ್ರಶ್ನೆಪತ್ರಿಕೆಯಲ್ಲಿ ಯಾವುದೇ ಸನ್ನಿವೇಶ ಬಂದರೂ ಮೊದಲು ‘ವರ್ತನೆ ಹೆಚ್ಚಿತೋ, ಇಳಿಯಿತೋ’ ಎಂದು ಕೇಳಿ, ಆಮೇಲೆ ‘ಕೊಟ್ಟರೋ, ತೆಗೆದರೋ’ ಎಂದು ಕೇಳಿ. ಉತ್ತರ ತಾನೇ ಬರುತ್ತದೆ.

ಪುನರ್ಬಲನ ಯಾವಾಗ ಸಿಗುತ್ತದೆ ಎಂಬ ನಿಯಮಗಳಾದ ನಾಲ್ಕು ಅನುಸೂಚಿಗಳಿಗೆ ನೋಟ್ಸ್ ಕೊಡುವ ಉದಾಹರಣೆ ಅಮೆರಿಕದ ಜೂಜಿನ ಯಂತ್ರ, ಕಾರ್ಖಾನೆ. ಅದಕ್ಕೆ ಬದಲು ಮೂರಕ್ಕೆ ಇವನ್ನು ಬರೆದುಕೊಳ್ಳಿ. ಕಾಫಿ ಕೊಯ್ಲಿಗೆ ಕಿಲೋ ಲೆಕ್ಕದ ಕೂಲಿ ಎಂದರೆ ನಿಗದಿತ ಅನುಪಾತ. ಕೈ ಓಡುತ್ತದೆ, ಆದರೆ ಪುನರ್ಬಲನ ಸಿಗುವುದು ತೂಕಕ್ಕೆ, ಹಣ್ಣಿಗಲ್ಲ. ಅದಕ್ಕೇ ಹಣ್ಣಿನ ಜೊತೆ ಹಸಿರು ಕಾಯಿಯೂ ಚೀಲ ಸೇರುತ್ತದೆ. ಗೊರೂರಿನ ಹಿನ್ನೀರಿನಲ್ಲಿ ಗಾಳ ಹಾಕಿ ಕೂರುವುದು ಬದಲಾಗುವ ಅವಧಿ: ಮೀನು ಯಾವಾಗ ಕಚ್ಚುವುದೋ ಗೊತ್ತಿಲ್ಲ, ಹಾಗಾಗಿ ಅವಸರವಿಲ್ಲದ, ಬಿಡುವಿಲ್ಲದ ಕಾಯುವಿಕೆ. ಲಾಟರಿ ಬದಲಾಗುವ ಅನುಪಾತ. ಯಾವ ಅನುಸೂಚಿಯಲ್ಲಿ ಕಲಿತದ್ದು ಪುನರ್ಬಲನ ನಿಂತ ಮೇಲೂ ಬೇಗ ಬಿಡುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಬದಲಾಗುವ ಬಗೆಯವು. ನೋಟ್ಸ್ ಇದನ್ನು ಸರಿಯಾಗಿಯೇ ಹೇಳಿದೆ.

ಬಿಡಿ ಭಾಗಕ್ಕಿಂತ ಸಮಗ್ರವನ್ನು ಮೊದಲು ನೋಡುವ ಗೆಸ್ಟಾಲ್ಟ್‌ ಪಂಥಕ್ಕೆ ಒಂಬತ್ತು ಪುಟ, ಅದರಲ್ಲಿ ಮೂರು ಚಿತ್ರಗಳು ಮಸಿ. ‘ಬಿಡಿಭಾಗಗಳ ಮೊತ್ತಕ್ಕಿಂತ ಸಮಗ್ರ ದೊಡ್ಡದು’ ಎಂಬ ಸಾಲು ನಾಲ್ಕು ಸಲ ಬರುತ್ತದೆ. ಈ ಪಂಥದ ಸ್ಥಾಪಕರಲ್ಲಿ ಒಬ್ಬರಾದ ಕೋಫ್ಕಾ ಹೇಳಿದ್ದು ದೊಡ್ಡದು ಎಂದಲ್ಲ, ಬೇರೆ ಎಂದು. ವ್ಯತ್ಯಾಸ ಬರೀ ಮಾತಿನದಲ್ಲ. ವರ್ಟ್‌ಹೈಮರ್ 1912ರಲ್ಲಿ ಫ್ರಾಂಕ್‌ಫರ್ಟ್‌ನಿಂದ ಪ್ರಕಟಿಸಿದ ಪ್ರಯೋಗದಲ್ಲಿ ಎರಡು ಗೆರೆಗಳು ಒಂದಾದ ಮೇಲೊಂದು ಹೊಳೆಯುತ್ತವೆ. ನಡುವಿನ ಅಂತರ ಸೆಕೆಂಡಿನ ಸಾವಿರದಲ್ಲಿ 200 ಪಾಲು ಇದ್ದರೆ ಎರಡು ಬೇರೆ ಗೆರೆ, 30 ಪಾಲು ಇದ್ದರೆ ಎರಡೂ ಒಟ್ಟಿಗೆ, ಸುಮಾರು 60 ಇದ್ದರೆ ಒಂದೇ ಗೆರೆ ಸರಿದಂತೆ ಕಾಣುತ್ತದೆ. ಆ ಚಲನೆ ಯಾವ ಗೆರೆಯಲ್ಲೂ ಇಲ್ಲ. ಬಿಡಿ ಸಂವೇದನೆಗಳನ್ನು ಕೂಡಿಸುತ್ತಾ ಹೋದರೆ ಅದು ಸಿಗುವುದೇ ಇಲ್ಲ. ಟಿಚನರ್ ಬಗೆಯ ಲೆಕ್ಕಾಚಾರಕ್ಕೆ ಬಿದ್ದ ಪೆಟ್ಟು ಇದು. ಆಶ್ವಯುಜದಲ್ಲಿ ಹಾಸನಾಂಬೆಯ ಬಾಗಿಲು ತೆಗೆಯುವಾಗ ಊರಿಗೆ ಹಾಕುವ ಓಡುವ ದೀಪಗಳಲ್ಲಿ ಇದನ್ನೇ ನೋಡಬಹುದು. ಮನೆಯ ಸೀರಿಯಲ್ ಸೆಟ್ಟಿನ ಡಬ್ಬಿಯಲ್ಲಿ ವೇಗದ ತಿರುಗಣಿ ಇದ್ದರೆ ನಿಧಾನಕ್ಕೆ ತಿರುಗಿಸಿ: ಮೊದಲು ಬಿಡಿ ಬಿಡಿ ಮಿಣುಕು, ಆಮೇಲೆ ಓಟ. ಸಾಮೀಪ್ಯ, ಸಾದೃಶ್ಯ ನಿಯಮಗಳಿಗೆ ಮಸಿಯಾದ ಚಿತ್ರಗಳ ಬದಲು ಚುಕ್ಕಿ ರಂಗೋಲಿ ಸಾಕು. ಅದೇ ಚುಕ್ಕಿಗಳನ್ನು ಅಡ್ಡಕ್ಕೆ ಹತ್ತಿರ ಹತ್ತಿರ ಇಟ್ಟರೆ ಸಾಲು, ಉದ್ದಕ್ಕೆ ಹತ್ತಿರ ಇಟ್ಟರೆ ಕಂಬ. ಗೆರೆ ಎಳೆಯುವ ಮುಂಚೆಯೇ ಕಣ್ಣು ಗುಂಪು ಮಾಡಿಬಿಟ್ಟಿರುತ್ತದೆ.

ಕೋಹ್ಲರ್ ಮತ್ತು ಸುಲ್ತಾನ್ ಎಂಬ ಚಿಂಪಾಂಜಿಯ ಕಥೆ ಇದೆ. ಎರಡು ಕೋಲು ಜೋಡಿಸಿ ಬಾಳೆಹಣ್ಣು ಎಳೆದುಕೊಂಡದ್ದು, ಒಳನೋಟ ಕಲಿಕೆ, ಎಲ್ಲ ಸರಿ. ಪ್ರಯೋಗ ‘ಆಫ್ರಿಕಾದ ಕಾಡಿನಲ್ಲಿ’ ನಡೆಯಿತು ಎಂಬುದು ತಪ್ಪು. ನಡೆದದ್ದು ಟೆನೆರೀಫ್ ದ್ವೀಪದಲ್ಲಿ, ಕೋಹ್ಲರ್ 1913ರಿಂದ 1920ರವರೆಗೆ ಅಲ್ಲಿದ್ದರು. ಥಾರ್ನ್‌ಡೈಕ್‌ನ ಪೆಟ್ಟಿಗೆಯಲ್ಲಿ ಚಿಲಕ ಹೇಗೆ ಕೆಲಸ ಮಾಡುತ್ತದೆ ಎಂಬುದು ಬೆಕ್ಕಿಗೆ ಕಾಣುತ್ತಲೇ ಇರಲಿಲ್ಲ, ಇನ್ನು ಒಳನೋಟ ಎಲ್ಲಿಂದ ಬರಬೇಕು ಎಂಬುದು ಕೋಹ್ಲರ್ ಅವರ ತಕರಾರು. ‘ಪ್ರಯತ್ನ-ಪ್ರಮಾದ ಮತ್ತು ಒಳನೋಟ ಕಲಿಕೆ: ವ್ಯತ್ಯಾಸ’ ಎಂಬ ಪ್ರಶ್ನೆಗೆ ಈ ಒಂದು ಮಾತು ಸೇರಿಸಿದ ಉತ್ತರ ಬೇರೆಯೇ ತೂಕಕ್ಕೆ ಬರುತ್ತದೆ.

ಮನೋವಿಶ್ಲೇಷಣೆಯನ್ನು ಕೋಷ್ಟಕ ಐದನೇ ಸಾಲಿನಲ್ಲಿ, ಗೆಸ್ಟಾಲ್ಟ್ ನಂತರ ಇಟ್ಟಿದೆ. ಓದಿದವರು ಫ್ರಾಯ್ಡ್ ಇವರೆಲ್ಲರ ನಂತರ ಬಂದವರೆಂದು ತಿಳಿಯುತ್ತಾರೆ. ಬ್ರಾಯರ್ ಜೊತೆಗಿನ ಹಿಸ್ಟೀರಿಯಾ ಪುಸ್ತಕ 1895ರದು. ಕನಸಿನ ಗ್ರಂಥ 1899ರ ನವೆಂಬರಿನಲ್ಲಿ ಹೊರಬಂದು 1900 ಎಂಬ ಇಸವಿ ಹೊತ್ತಿದ್ದು. ಆಗ ವಾಟ್ಸನ್ ಇನ್ನೂ ವಿದ್ಯಾರ್ಥಿ. ಅದಕ್ಕಿಂತ ಮುಖ್ಯವಾಗಿ, ಫ್ರಾಯ್ಡ್ ಈ ಪ್ರಯೋಗಾಲಯದ ಜಗಳದಲ್ಲಿ ಪಾಲುದಾರರೇ ಅಲ್ಲ. ಅವರು ವಿಯೆನ್ನಾದ ವೈದ್ಯ, ಪ್ರಶ್ನೆ ಬಂದದ್ದು ರೋಗಿಗಳಿಂದ. ಈ ಸಾಲನ್ನು ಕೋಷ್ಟಕದಿಂದ ಹೊರತೆಗೆದು ಪಕ್ಕದಲ್ಲಿ ಉದ್ದಕ್ಕೆ ಬರೆದುಕೊಳ್ಳುವುದು ಸರಿ. 26 ಪುಟಗಳ ಒಳಗೆ ಫ್ರಾಯ್ಡ್ ಬರೆದ ಮನಸ್ಸಿನ ಎರಡು ನಕ್ಷೆಗಳು ಕಲಸಿಹೋಗಿವೆ. ಚೇತನ, ಪೂರ್ವಚೇತನ, ಅಚೇತನ ಎಂಬುದು 1900ರದು. ಇಡ್ (ಮೂಲ ಬಯಕೆಗಳು), ಅಹಂ (ವಾಸ್ತವಕ್ಕೆ ಹೊಂದಿಸುವುದು), ಪರಾಹಂ (ಒಳಗಿನ ನೀತಿ) ಎಂಬುದು 1923ರದು. ನೋಟ್ಸ್ ಇವನ್ನು ಒಂದರ ಮೇಲೊಂದು ಇಟ್ಟು ‘ಅಹಂ ಎಂದರೆ ಚೇತನ ಮನಸ್ಸು’ ಎಂದಿದೆ. ಹಾಗಲ್ಲ, ಅಹಂನ ಒಂದು ಭಾಗವೂ ಅಚೇತನವೇ. ಆತಂಕದಿಂದ ಮನಸ್ಸನ್ನು ಕಾಯುವ ರಕ್ಷಣಾ ತಂತ್ರಗಳನ್ನು ನಡೆಸುವುದು ಅಹಂ, ನಡೆಸುತ್ತಿರುವುದು ನಮಗೆ ತಿಳಿಯುವುದಿಲ್ಲ. ಹಳೆಯ ನಕ್ಷೆ ಇದಕ್ಕೆ ಸಾಲದೆ ಬಂದದ್ದರಿಂದಲೇ ಫ್ರಾಯ್ಡ್ ಹೊಸದು ಬರೆದರು. ರಕ್ಷಣಾ ತಂತ್ರಗಳ ಪಟ್ಟಿ ಮಾತ್ರ ಕಟ್ಟಿನಲ್ಲೇ ಅತ್ಯುತ್ತಮ ಭಾಗ, ಹಾಗೆಯೇ ಓದಿ.

ಮಾನವತಾವಾದಕ್ಕೆ ಆರು ಪುಟ, ತಿದ್ದಲು ಹೆಚ್ಚಿಲ್ಲ. ಮಾಸ್ಲೋ ಅವರ ಅಗತ್ಯಗಳ ಶ್ರೇಣಿ 1943ರ ಲೇಖನದ್ದು. ಆ ಲೇಖನದಲ್ಲಿ ಪಿರಮಿಡ್ ಚಿತ್ರ ಇಲ್ಲ, ಅದು ಬೇರೆಯವರು ಆಮೇಲೆ ಬರೆದದ್ದು. ಕೆಳಗಿನ ಅಗತ್ಯ ಪೂರ್ತಿ ತೀರಿದ ಮೇಲೆಯೇ ಮೇಲಿನದು ಎಂದು ನೋಟ್ಸ್ ಹೇಳುವುದು ಆ ಚಿತ್ರದ ಪ್ರಭಾವ. ಮಾಸ್ಲೋ ಅಷ್ಟು ಕಟ್ಟುನಿಟ್ಟಾಗಿ ಹೇಳಿಲ್ಲ.

ಆಲೋಚನೆ, ನೆನಪುಗಳನ್ನು ಅಧ್ಯಯನ ಮಾಡುವ ಸಂಜ್ಞಾನಾತ್ಮಕ ಪಂಥಕ್ಕೆ ಸಿಕ್ಕಿರುವುದು ಮೂರು ಪುಟ. ‘ಪಿತಾಮಹ: ಪಿಯಾಜೆ’ ಎಂದು ತುಂಬಿದ್ದಾರೆ. ವರ್ತನಾವಾದಕ್ಕೆ ಒಳಗಿನಿಂದಲೇ ಮೊದಲ ಬಿರುಕು ಬಿಟ್ಟದ್ದು ಟಾಲ್ಮನ್ ಅವರ ಇಲಿಗಳಿಂದ, ಅವು ಇಲ್ಲಿಲ್ಲ. 1930ರ ಪ್ರಯೋಗದಲ್ಲಿ ಮೂರು ಗುಂಪು: ಒಂದಕ್ಕೆ ಜಟಿಲ ದಾರಿಯ ಕೊನೆಯಲ್ಲಿ ದಿನವೂ ಆಹಾರ, ಒಂದಕ್ಕೆ ಎಂದೂ ಇಲ್ಲ, ಒಂದಕ್ಕೆ 11ನೇ ದಿನದಿಂದ. ಮೂರನೇ ಗುಂಪಿನ ತಪ್ಪುಗಳು ಆಹಾರ ಸಿಕ್ಕ ಮರುದಿನವೇ ದಿಢೀರನೆ ಇಳಿದು ಮೊದಲ ಗುಂಪಿಗೆ ಸರಿಸಮವಾದವು. ಹತ್ತು ದಿನ ಪುನರ್ಬಲನವಿಲ್ಲದೆ ಸುತ್ತಾಡಿದಾಗಲೂ ಇಲಿಗಳು ದಾರಿಯನ್ನು ತಲೆಯಲ್ಲಿ ಇಟ್ಟುಕೊಂಡಿದ್ದವು ಎಂದಾಯಿತು. ಆಮೇಲಿನದು ಚುಟುಕಾಗಿ: 1956ರಲ್ಲಿ ಮನಸ್ಸು ಒಮ್ಮೆಗೆ ಹಿಡಿದುಕೊಳ್ಳುವುದು ಸುಮಾರು ಏಳು ಅಂಶ ಎಂಬ ಜಾರ್ಜ್ ಮಿಲ್ಲರ್ ಅವರ ಲೇಖನ, 1959ರಲ್ಲಿ ಸ್ಕಿನ್ನರ್ ಅವರ ಭಾಷೆಯ ಪುಸ್ತಕಕ್ಕೆ ಚಾಮ್‌ಸ್ಕಿ ಬರೆದ ಕಟು ವಿಮರ್ಶೆ, 1967ರಲ್ಲಿ ನೈಸರ್ ಪುಸ್ತಕದಿಂದ ಪಂಥಕ್ಕೆ ಹೆಸರು. ಪಿಯಾಜೆ ಜಿನೀವಾದಲ್ಲಿ ತಮ್ಮದೇ ದಾರಿಯಲ್ಲಿದ್ದರು. ಮಕ್ಕಳ ಆಲೋಚನೆ ಬೆಳೆಯುವ ಬಗೆಗಿನ ಅವರ ನಾಲ್ಕು ಹಂತಗಳು 119ನೇ ಪುಟದಲ್ಲಿ ಸರಿಯಾಗಿವೆ.

ಕೊನೆಯ ಅಧ್ಯಾಯ ‘ಭಾರತದಲ್ಲಿ ಮನೋವಿಜ್ಞಾನ’ ಒಂದೂವರೆ ಪುಟ. ಗೀತೆ, ಯೋಗಸೂತ್ರ, ತ್ರಿಗುಣ, ಮುಗಿಯಿತು. ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ 1915ರಲ್ಲಿ ಪ್ರಯೋಗಾಲಯ, 1916ರಲ್ಲಿ ವಿಭಾಗ. ಗಿರೀಂದ್ರಶೇಖರ ಬೋಸ್ 1922ರಲ್ಲಿ ಅಲ್ಲಿ ಮನೋವಿಶ್ಲೇಷಣಾ ಸಂಘ ಕಟ್ಟಿ ಫ್ರಾಯ್ಡ್ ಜೊತೆ ಪತ್ರದಲ್ಲಿ ವಾದ ಮಾಡಿದವರು. ಇವೆಲ್ಲ ಹೋಗಲಿ, ಹಾಸನದಲ್ಲಿ ಮಾರುವ ನೋಟ್ಸ್‌ನಲ್ಲಿ ಮೈಸೂರು ಇಲ್ಲದಿರುವುದನ್ನು ಒಪ್ಪುವುದು ಕಷ್ಟ. ಮೈಸೂರು ವಿಶ್ವವಿದ್ಯಾಲಯದ ಮನೋವಿಜ್ಞಾನ ವಿಭಾಗ 1924ರದು, ದೇಶದ ಹಳೆಯವುಗಳಲ್ಲಿ ಒಂದು. ಕಟ್ಟಿದವರು ಲಂಡನ್ನಿನಲ್ಲಿ ಬುದ್ಧಿಶಕ್ತಿಯ ಅಧ್ಯಯನಕ್ಕೆ ಹೆಸರಾದ ಸ್ಪಿಯರ್‌ಮನ್ ಬಳಿ ತರಬೇತಾದ ಪ್ರೊ. ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಎಂಬ ರೇಡಿಯೊ ಕೇಂದ್ರ ಶುರು ಮಾಡಿದವರೂ ಇವರೇ.

ಇನ್ನು ಪದಗಳ ಗೋಜು. ಒಂದೇ ಕಟ್ಟಿನಲ್ಲಿ ರಚನಾವಾದ, ಸಂರಚನಾವಾದ, ಕಾರ್ಯವಾದ, ಕ್ರಿಯಾವಾದ, ವರ್ತನಾವಾದ, ನಡವಳಿಕೆವಾದ. ಕೋಹ್ಲರ್ ಒಂದು ಕಡೆ ‘ಕೊಯ್ಲರ್’, ಇನ್ನೊಂದು ಕಡೆ ‘ಕೋಲರ್’. ಮಾದರಿ ಪ್ರಶ್ನೆ 84ರಲ್ಲಿ ಇವರಿಬ್ಬರೂ ಬೇರೆ ಬೇರೆ ಆಯ್ಕೆಗಳಾಗಿ ಕೂತಿದ್ದಾರೆ! ಬೇರೆ ಬೇರೆಯವರ ನೋಟ್ಸ್ ಅಂಟಿಸಿದ ಗುರುತು ಇದು. ರಟ್ಟಿನ ಒಳಬದಿಯಲ್ಲಿ ಎಲ್ಲ ಪರ್ಯಾಯ ಪದಗಳನ್ನು ಒಂದು ಸಾಲಿಗೆ ಒಂದರಂತೆ ಬರೆದುಕೊಳ್ಳಿ. ಪತ್ರಿಕೆಯಲ್ಲಿ ಯಾವುದು ಬಂದರೂ ಗಾಬರಿ ಆಗದು. ಬಹು ಆಯ್ಕೆ ಪ್ರಶ್ನೆಗಳು 200. ಕೀಲಿಯಲ್ಲಿ ಸ್ಪಷ್ಟವಾಗಿ ತಪ್ಪಾದವು 17, ಅದರಲ್ಲಿ 9 ವರ್ತನಾವಾದದವು.

ಓದುವ ಕ್ರಮ ಬದಲಿಸುವುದು ಒಳ್ಳೆಯದು. 6, 7ನೇ ಪುಟವನ್ನು ಪಿನ್ ಹಾಕಿ ಮುಚ್ಚಿ. ರಚನಾವಾದ ಓದಿದ ಕೂಡಲೇ ಗೆಸ್ಟಾಲ್ಟ್ ಓದಿ, ಏಕೆಂದರೆ ಎರಡನೆಯದು ಮೊದಲನೆಯದಕ್ಕೆ ಕೊಟ್ಟ ಉತ್ತರ. ಕಾರ್ಯವಾದದಿಂದ ನೇರ ಥಾರ್ನ್‌ಡೈಕ್, ವಾಟ್ಸನ್, ಸ್ಕಿನ್ನರ್, ಆಮೇಲೆ ಟಾಲ್ಮನ್. ಫ್ರಾಯ್ಡ್ ಬೇರೆ ದಿನಕ್ಕೆ, ಅವರ ಬೆನ್ನಿಗೆ ಮಾನವತಾವಾದದ ಮಾಸ್ಲೋ ಮತ್ತು ರೋಜರ್ಸ್. ಪ್ರತಿ ಅಧ್ಯಾಯದ ತಲೆಯ ಮೇಲೆ ‘ಯಾರ ವಿರುದ್ಧ? ಯಾವ ಪ್ರಶ್ನೆಗೆ?’ ಎಂದು ಒಂದು ಸಾಲು ಬರೆದುಕೊಂಡು, ಕೊನೆಗೆ ಪಿನ್ ತೆಗೆದು ಕೋಷ್ಟಕವನ್ನು ನೀವೇ ಹೊಸದಾಗಿ ತುಂಬಿ. ದಿನಕ್ಕೆ ಎರಡು ಗಂಟೆಯಂತೆ ಹನ್ನೆರಡು ದಿನದ ಕೆಲಸ.

ಕೊಳ್ಳುವಾಗ ಅಂಗಡಿಯಲ್ಲೇ ಮೂರು ಕಡೆ ತೆರೆದು ನೋಡಿ. 61ರಿಂದ 64ರವರೆಗಿನ ಹಾಳೆಗಳು ಕೆಲವು ಪ್ರತಿಗಳಲ್ಲಿ ಇಲ್ಲ. 97ನೇ ಪುಟದ ಅಡ್ಡ ಚಾರ್ಟು ಸ್ಪೈರಲ್ ತೂತಿಗೆ ಸಿಕ್ಕಿ ಎಡಗಡೆಯ ಅಕ್ಷರ ಹೋಗಿರುತ್ತದೆ, ಬೈಂಡಿಂಗ್‌ಗೆ ಮೊದಲೇ ಆ ಹಾಳೆಯನ್ನು ಬೇರೆ ಎತ್ತಿಟ್ಟುಕೊಳ್ಳಿ. ಮೇಲೆ ಇಟ್ಟಿರುವ ಕಟ್ಟು ಬೇಡ ಎಂದು ಮಾಸ್ಟರ್ ಪ್ರತಿಯಿಂದಲೇ ತೆಗೆದುಕೊಡಲು ಕೇಳಿ. ಅರ್ಧ ಗಂಟೆ ಕಾಯಬೇಕಾಗುತ್ತದೆ, ಬೆಲೆ ಅಷ್ಟೇ, ಗೆಸ್ಟಾಲ್ಟ್‌ನ ಮೂರು ಚಿತ್ರಗಳಲ್ಲಿ ಒಂದಾದರೂ ಕಣ್ಣಿಗೆ ಬೀಳುತ್ತದೆ.